ಧರ್ಮದೇಟಿನ ಪಾಠ

ಮೊನ್ನೆ ಸ್ಟಾಫ್ ರೂಮಿನಲ್ಲಿ ನನ್ನೆದುರು ಕೂತಿದ್ದ ಹುಡುಗಿ ಪರ್ಸಿನಿಂದ ಮುಲಾಮಿನ ಪುಟ್ಟ ಡಬ್ಬಿ ತೆಗೆದು ಹಣೆಗೆ ಹಚ್ಚಿಕೊಂಡಳು. ಹುಡುಗಿ ಎಂದರೆ ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರ್. ನನ್ನ ವಯಸ್ಸಿಗೆ ಈಗ ಎಲ್ಲರೂ ಹುಡುಗಿಯರೇ. ಕರ್ಪೂರ, ನೀಲಗಿರಿ ಎಣ್ಣೆ ಬೆರೆತ ಆ ಘಾಟು ಮೂಗಿಗೆ ಬಡಿದದ್ದೇ ತಡ, ಬರೆಯುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತಿತು.

ಮೇಜಿನ ಮೇಲೆ ಹನ್ನೊಂದು, ಹನ್ನೆರಡನೇ ತರಗತಿಗೆ ಕಲಿಸಬೇಕಾದ ಕೋರ್ಸಿನ ಕರಡು ಹರಡಿಕೊಂಡಿತ್ತು. ಧರ್ಮಗಳ ತತ್ತ್ವಶಾಸ್ತ್ರ ಮತ್ತು ನೀತಿಶಾಸ್ತ್ರ, ಉನ್ನತ ಮಟ್ಟ. ಈಗಿರುವುದು ಹಳತಾಯಿತು, ಹೊಸದಾಗಿ ಯೋಜಿಸಿ ಎಂದು ಮೇಲಿನವರ ಅಪ್ಪಣೆ. ಹಿಂದಿನದನ್ನು ಯೋಜಿಸಿದವರು ಇಬ್ಬರು. ಅವರಲ್ಲಿ ಉಳಿದವಳು ನಾನೊಬ್ಬಳೇ. ಇನ್ನೊಬ್ಬರು ನಮ್ಮ ಸರ್.

ಸರ್ ಧಾರವಾಡದ ಕಡೆಯವರು. ಬಾಂದ್ರಾದ ಈ ಶಾಲೆಯಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದರು. ನಾನು ಉಡುಪಿಯಿಂದ ಬಂದವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮಾಟುಂಗದಲ್ಲಿ. ಇಡೀ ಸ್ಟಾಫ್ ರೂಮಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ಶಾಲೆಗೆ ಬಂದ ಹೊಸತರಲ್ಲಿ ಅವರು ನನ್ನನ್ನು "ಅಕ್ಕೋರ" ಎಂದು ಕರೆದಾಗ ನನಗೆ ಸಿಟ್ಟು ಬಂದಿತ್ತು. ತಲೆ ನರೆತವರಿಗೆ ನಾನು ಹೇಗೆ ಅಕ್ಕನಾದೇನು? ಅವರ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ ಎಂದು ತಿಳಿದದ್ದು ಆಮೇಲೆ.

ಮೀಟಿಂಗಿಗೆ ಹೋಗುವ ಮೊದಲು ಸರ್ ತಪ್ಪದೆ ಹಣೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. "ತಲೆನೋವಾ ಸರ್?" ಎಂದು ಒಮ್ಮೆ ಕೇಳಿದೆ.

"ಇನ್ನೂ ಬಂದಿಲ್ರಿ," ಎಂದರು. "ಮೀಟಿಂಗ್ ಐತೆಲ್ಲ, ಬರ್ತೈತಿ."

ಬರುತ್ತಲೂ ಇತ್ತು. ಆ ಕೋರ್ಸು ಶುರುಮಾಡಬೇಕೆಂದು ಶಾಲೆ ಹೊರಟಾಗ ನಮ್ಮಿಬ್ಬರ ಶನಿವಾರದ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಮಾಟುಂಗದ ಹೋಟೆಲೊಂದರ ಮೂಲೆಯ ಟೇಬಲ್ಲಿನಲ್ಲಿ ಕೂತು, ಕಾಫಿಯ ಮೇಲೆ ಕಾಫಿ ತರಿಸಿ, ಮಾಣಿಯ ಕೆಂಗಣ್ಣು ತಪ್ಪಿಸಿಕೊಳ್ಳುತ್ತ ಬರೆಯುತ್ತಿದ್ದೆವು. ರಜೆಯಲ್ಲಿ ಕೂರಿ ಎಂದು ಯಾರೂ ಹೇಳಿದ್ದಲ್ಲ, ಸಂಬಳ ಕೇಳಿದ್ದಲ್ಲ, ನಮ್ಮ ಖುಷಿಗೆ ಮಾಡುತ್ತಿದ್ದ ಕೆಲಸ. ಸೋಮವಾರ ಅದನ್ನು ಶಾಲೆಯ ಕಮಿಟಿಯ ಮುಂದೆ ಇಟ್ಟರೆ ಅವರು ಲೆಕ್ಕ ಹಾಕಲು ಕೂರುತ್ತಿದ್ದರು. ಈ ಧರ್ಮಕ್ಕೆ ಎಷ್ಟು ಪೀರಿಯಡ್, ಆ ಧರ್ಮಕ್ಕೆ ಯಾಕೆ ಒಂದು ಕಮ್ಮಿ, ಪಾಲಕರು ಏನೆಂದಾರು... ಒಳಗೇನಿದೆ ಎಂದು ಓದಿದವರು ಕಡಿಮೆ.

ಅಂಥ ಒಂದು ಮೀಟಿಂಗ್ ಮುಗಿದ ಮೇಲೆ ಸರ್ ಹೋಟೆಲಿನಲ್ಲಿ ತಟ್ಟೆಗೆ ಕಾಫಿ ಬಗ್ಗಿಸಿಕೊಳ್ಳುತ್ತ ಗೊಣಗಿದರು, "ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ರಂತ." ಪುಕ್ಕಟೆ ಕೊಟ್ಟ ಬಟ್ಟೆಯನ್ನು ಮರೆಗೆ ಹೋಗಿ ಅಳೆದು ನೋಡಿದವರ ಗಾದೆ. ನಾನು ನಕ್ಕೆ. ಸರ್ ನಗಲಿಲ್ಲ. ತಟ್ಟೆ ಕೆಳಗಿಟ್ಟರು.

"ಅಕ್ಕೋರ, ನಾವು ಧರ್ಮಕ್ಕ ಅಂದ್ರ ಪುಕ್ಕಟೆ ಅಂತೀವಲ್ರಿ. ಯಾಕಿರಬಹುದು?"

"ದಾನ ಮಾಡುವುದಕ್ಕೆ ಧರ್ಮ ಅಂತೇವಲ್ಲ ಸರ್. ಭಿಕ್ಷುಕರು ಧರ್ಮ ಮಾಡಿ ಅಂತಾರೆ. ಅಲ್ಲಿಂದ ಬಂದಿರಬೇಕು."

"ಹಂಗಾದ್ರ ಧರ್ಮದೇಟು?"

ಗುಂಪಿನ ಕೈಗೆ ಸಿಕ್ಕಿಬಿದ್ದವನಿಗೆ ದಾರಿಹೋಕರೆಲ್ಲ ಕೊಡುವ ಹೊಡೆತಕ್ಕೆ ಆ ಹೆಸರು. ಕೊಡುವವನಿಗೆ ಖರ್ಚಿಲ್ಲ, ಕೇಳುವವರಿಲ್ಲ. ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೆ. ಆ ಶಬ್ದದೊಳಗೆ ಧರ್ಮ ಏನು ಮಾಡುತ್ತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆಗ ಸರ್ ಹೇಳಿದರು. ವರ್ಷಗಳ ಹಿಂದೆ, ದಾದರ್ ಪ್ಲಾಟ್‌ಫಾರ್ಮಿನಲ್ಲಿ ಯಾರದೋ ಪಾಕೀಟು ಹೋಯಿತೆಂದು ಗಲಾಟೆಯಾಗಿ ಒಬ್ಬನನ್ನು ಹಿಡಿದು ಹೊಡೆಯುತ್ತಿದ್ದರಂತೆ. ಸರ್ ತಮ್ಮ ಗಾಡಿಗೆ ಹೊರಟವರು. ದಾರಿಯಲ್ಲೇ ಗುಂಪು. "ನಾನೂ ಒಂದು ಕೊಟ್ನಿರಿ," ಎಂದರು. "ಆಂವ ಕಳ್ಳ ಹೌದೋ ಅಲ್ಲೋ ಗೊತ್ತಿಲ್ಲ. ಪಾಕೀಟು ಯಾರದು ಅಂತ ಗೊತ್ತಿಲ್ಲ. ಧರ್ಮಕ್ಕ ಸಿಕ್ತು, ಕೊಟ್ಟೆ. ಗಾಡಿ ಬಂತು, ಹತ್ತಿದೆ. ಮನಿ ಮುಟ್ಟೂತನಕ ಕೈ ಚುರುಚುರು ಅಂತಿತ್ತು."

ಇರುವೆ ಬಂದರೂ ದಾರಿ ಬಿಡುವ ಮನುಷ್ಯ ಅವರು. ನನಗೆ ನಂಬಲು ಕಷ್ಟವಾಯಿತು. ಅವರು ಮಾತ್ರ ಆ ದಿನವೇ ನಿರ್ಧರಿಸಿಬಿಟ್ಟರು. ಕೋರ್ಸಿನ ಮೊದಲ ಪಾಠ ಇದೇ ಆಗಬೇಕು. ಯಾವ ಗ್ರಂಥವನ್ನೂ ತೆರೆಯುವ ಮೊದಲು ಹದಿನಾರು ಹದಿನೇಳರ ಆ ಮಕ್ಕಳ ಮುಂದೆ ತಮ್ಮ ಏಟಿನ ಕಥೆ ಇಟ್ಟು ಅವರೇನು ಕೇಳುತ್ತಾರೆ ನೋಡಬೇಕು. ನಿವೃತ್ತಿಗೆ ಮೊದಲು ಅವರಿಗಿದ್ದ ಆಸೆ ಇದೊಂದೇ. ಉಳಿದ ಪಾಠಗಳನ್ನು ನನಗೆ ಬಿಟ್ಟು ಇದೊಂದನ್ನೇ ತಿದ್ದುತ್ತ ಕೂತರು.

ಎಡವಟ್ಟಾದದ್ದು ತರ್ಜುಮೆಯಲ್ಲಿ. ಕರಡು ಇಂಗ್ಲಿಷಿನಲ್ಲಿರಬೇಕು. ಸರ್ ಪಾಠದ ತಲೆಬರಹಕ್ಕೆ ನೇರವಾಗಿ 'ರಿಲಿಜಿಯಸ್ ಬ್ಲೋ' ಎಂದು ಬರೆದರು. ಇದು ಸರಿ ಕಾಣುವುದಿಲ್ಲ ಸರ್ ಎಂದರೆ ಕೇಳಲಿಲ್ಲ. "ವಿಚಿತ್ರ ಅನಿಸ್ಲಿ. ಅನಿಸಿದ್ರ ಕೇಳ್ತಾರ," ಎಂದರು.

ಕೇಳಿದರು. ಕಮಿಟಿಯಲ್ಲಿ ಪ್ರಿನ್ಸಿಪಾಲ್ ಮೇಡಂ ಕನ್ನಡಕ ಸರಿಮಾಡಿಕೊಂಡು, ಇಲ್ಲಿ ಯಾವ ಧರ್ಮದವರು ಯಾವ ಧರ್ಮದವರಿಗೆ ಹೊಡೆಯುತ್ತಿದ್ದಾರೆ ಎಂದು ಕೇಳಿದರು. ಸರ್ ಮೊದಲು ಇಂಗ್ಲಿಷಿನಲ್ಲಿ ವಿವರಿಸಿದರು. ಯಾರ ಮುಖವೂ ಸಡಿಲಾಗಲಿಲ್ಲ. ಆಗ ಗಡಿಬಿಡಿಯಲ್ಲಿ ತಮ್ಮ ಹಿಂದಿಗೆ ಕೈ ಹಾಕಿದರು. "ದೇಖಿಯೇ, ಹಮಾರೇ ಮೇ ಧರಮ್ ಮತ್ಲಬ್ ಫುಕಟ್."

ನಮ್ಮಲ್ಲಿ ಧರ್ಮ ಅಂದರೆ ಪುಕ್ಕಟೆ, ಅವರು ಅಂದದ್ದು ಇಷ್ಟೇ. ಮೂಲೆಯಲ್ಲಿದ್ದ ಹಿರಿಯ ಟ್ರಸ್ಟಿ ಮೆಲ್ಲಗೆ, "ಧರಮ್ ಫುಕಟ್ ಹೈ?" ಎಂದರು. ಅಷ್ಟೇ. ಗಾದೆ, ಭಿಕ್ಷುಕರು, ದಾನ ಎಂದು ನಾನು ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ಪುಕ್ಕಟೆ ಎಂಬುದೊಂದೇ ಎಲ್ಲರ ಕಿವಿಯಲ್ಲಿ ಉಳಿದಿತ್ತು. ಪ್ರಿನ್ಸಿಪಾಲ್ ಮೇಡಂ ಒಳ್ಳೆಯವರೇ. ಪಾಲಕರ ಕೈಗೆ ಈ ಕಾಗದ ಹೋದರೆ ಏನಾದೀತು, ನೀವೇ ಯೋಚಿಸಿ ಸರ್ ಎಂದರು. ಸರ್ ಯೋಚಿಸಲಿಲ್ಲ. ಪೆನ್ನು ತೆಗೆದು ತಾವೇ ಆ ಪಾಠವನ್ನು ಹೊಡೆದುಹಾಕಿದರು.

ಆ ಸಂಜೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಅವರಿಗೆ ಉಬ್ಬಸ. ನಡುವೆ ಕಂಬಿ ಹಿಡಿದು ನಿಂತರು. "ಇಷ್ಟು ಮಂದಿ ಕುಂತಿದ್ರು ಅಕ್ಕೋರ. ಯಾವ ಧರ್ಮ ಅಂತ ಕೇಳಿದ್ರು. ಏಟು ತಿಂದಾಂವ ಏನಾದ ಅಂತ ಒಬ್ರೂ ಕೇಳ್ಲಿಲ್ಲ. ಹುಡುಗ್ರಾದ್ರೂ ಕೇಳ್ತಿದ್ರು... ಕೇಳ್ತಿದ್ರೇನೋ."

ನಾನೂ ಕೇಳಿರಲಿಲ್ಲ. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರ ಗಾಡಿ ಬಂತು.

ಕೋರ್ಸು ಶುರುವಾಯಿತು. ಮೊದಲ ಪಾಠ 'ಧರ್ಮ: ಅರ್ಥ ಮತ್ತು ವ್ಯಾಖ್ಯೆ' ಎಂದಾಯಿತು. ಮಕ್ಕಳು ವ್ಯಾಖ್ಯೆ ಉರುಹೊಡೆದು ಒಳ್ಳೆಯ ಮಾರ್ಕು ತಂದರು. ಯಾರಿಗೂ ತಕರಾರಿರಲಿಲ್ಲ. ಸರ್ ನಿವೃತ್ತರಾಗಿ ಕಲ್ಯಾಣದ ಆಚೆಯ ತಮ್ಮ ಫ್ಲ್ಯಾಟಿಗೆ ಸೇರಿಕೊಂಡರು. ಒಮ್ಮೆ ಬರುತ್ತೇನೆ ಸರ್ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದೆ. ಈ ಊರಿನಲ್ಲಿ ಎರಡು ಗಾಡಿ ಬದಲಿಸಬೇಕಾದ ಸ್ನೇಹ ನಿಧಾನವಾಗಿ ಫೋನಿನದಾಗುತ್ತದೆ, ಆಮೇಲೆ ಹಬ್ಬದ ಮೆಸೇಜಿನದು. ಅವರು ಹೋದ ಸುದ್ದಿ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ, ಕೈಮುಗಿದ ಚಿತ್ರಗಳ ನಡುವೆ ಬಂತು. ಓದಿದಾಗ ಲೋಕಲ್ ಟ್ರೇನಿನಲ್ಲಿ ನಿಂತಿದ್ದೆ. ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಎತ್ತುವಷ್ಟೂ ಜಾಗವಿರಲಿಲ್ಲ.

"ಮ್ಯಾಮ್, ಯಾಕ ಬರೆಯೋದು ಬಿಟ್ರಿ?" ಹುಡುಗಿ ಕೇಳಿದಳು. ಅವಳ ಮನೆಯವರು ಬೆಳಗಾವಿಯವರು. ಅಜ್ಜಿಯೊಂದಿಗೆ ಮಾತ್ರ ಆಡಿ ಉಳಿದ ಕನ್ನಡ ಅವಳದು, ತಡೆತಡೆದು ಬರುತ್ತದೆ. ಮುಲಾಮಿನ ನೆಪದಲ್ಲಿ ಅವಳಿಗೆ ಎಲ್ಲ ಹೇಳತೊಡಗಿದೆ. ಧರ್ಮದೇಟು ಎಂದರೇನೆಂದು ಬಿಡಿಸಿ ಹೇಳಬೇಕಾಯಿತು. ಫುಕಟ್ ಎಂಬಲ್ಲಿ ನಕ್ಕಳು, ಕಥೆ ಸ್ಟೇಷನ್ನಿನ ಸೇತುವೆಗೆ ಬರುವ ಮೊದಲೇ ನಗು ನಿಂತಿತ್ತು. ಅಲ್ಲಿ ಸರ್ ಆಡಿದ ಮಾತನ್ನು ನಾನಿನ್ನೂ ಹೇಳಿರಲಿಲ್ಲ.

"ಮ್ಯಾಮ್, ವೋ ಆದ್ಮಿ... ಹೊಡೆಸಿಕೊಂಡಾಂವ. ಆಂವಂದು ಆಮೇಲೆ ಏನ್ ಆತು?"

ನಾನು ಅವಳ ಮುಖ ನೋಡಿದೆ.

"ಗೊತ್ತಿಲ್ಲ ಮಾರಾಯ್ತಿ," ಎಂದೆ. "ಸರ್‌ಗೂ ಗೊತ್ತಿರಲಿಲ್ಲ ಕಾಣ್ತದೆ."

ಅವರಿಗೆ ಬೇಕಿದ್ದದ್ದು ಈ ಪ್ರಶ್ನೆ. ಒಬ್ಬಳು ಕೇಳಿದಳು ಸರ್ ಎಂದು ಹೇಳೋಣವೆಂದರೆ ಸರ್ ಇಲ್ಲ. ಕಲ್ಯಾಣಕ್ಕೆ ಎರಡು ಗಾಡಿ ಬದಲಿಸಲು ನಾನು ಈಗ ತಯಾರಿದ್ದೇನೆ...

ಕರಡಿನ ಮೊದಲ ಸಾಲು ಹೊಡೆದು ಅಲ್ಲಿ 'ಧರ್ಮದೇಟು' ಎಂದು ಕನ್ನಡದಲ್ಲೇ ಬರೆದೆ. ತರ್ಜುಮೆ ಮಾಡಲಿಲ್ಲ. ಅದರ ಕೆಳಗೆ ಹುಡುಗಿಯ ಪ್ರಶ್ನೆ. ಕಮಿಟಿ ಕೂರುವುದು ಶುಕ್ರವಾರ. ಅವರು ಮೊಳ ಹಾಕದೆ ಬಿಡುವವರಲ್ಲ, ನನಗೂ ಈಗ ಮೊದಲಿನ ಶಕ್ತಿ ಇಲ್ಲ. ಹುಡುಗಿಯ ಮುಂದೆ ಕೈ ಚಾಚಿ ಆ ಮುಲಾಮಿನ ಡಬ್ಬಿ ಕೇಳಿದೆ.

"ತಲೆನೋವು ಐತೇನ್ ಮ್ಯಾಮ್?"

"ಇನ್ನೂ ಬಂದಿಲ್ಲ," ಎಂದೆ. "ಬರ್ತದೆ."