ಮಸ್ಕತ್ತಿಗೆ ಹೊರಟ ಕೊಬ್ಬರಿ

ಕಳೆದ ಮಂಗಳವಾರ ಮಧ್ಯಾಹ್ನ ನಾನು ಬೆಂಗಳೂರು ಏರ್‌ಪೋರ್ಟಿನ ಗಾಜಿನ ಗೋಡೆಗೆ ಮೂಗು ಒತ್ತಿಕೊಂಡು ನಿಂತಿದ್ದೆ. ಕಿವಿಗೆ ಫೋನು. ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ. ಬಂದೂಕು ಹಿಡಿದ ಜವಾನ ಬಂದು "ಮೇಡಂ, ಸ್ವಲ್ಪ ಪಕ್ಕಕ್ಕೆ" ಅಂದ. ಪಕ್ಕಕ್ಕೆ ಹೋದೆ. ಅಲ್ಲಿಯೂ ಗಾಜೇ ಇತ್ತು. ಮತ್ತೆ ಮೂಗು ಒತ್ತಿದೆ.

ಒಳಗೆ, ದೂರದ ಕೌಂಟರಿನ ಮುಂದೆ, ನಮ್ಮ ಓಬಳಮ್ಮ ಚಿಕ್ಕಮ್ಮ. ಕಲ್ಯಾಣದುರ್ಗದವಳು. ನನಗಿಂತ ನಾಲ್ಕೈದು ವರ್ಷಕ್ಕಷ್ಟೇ ದೊಡ್ಡವಳು. ಹುಟ್ಟಿದ ಮೇಲೆ ಮೊದಲ ಸಲ ವಿಮಾನ ಹತ್ತಲು ಬಂದವಳು. ಮಗಳು ಸುಜಾತ ಮಸ್ಕತ್ತಿನಲ್ಲಿ ತುಂಬು ಬಸುರಿ. ಅಳಿಯ ಅಲ್ಲಿ ಎಲೆಕ್ಟ್ರಿಷಿಯನ್. ಡಾಕ್ಟರು ಹೇಳಿದ ದಿನ ಹತ್ತಿರ ಬಂದಿದೆ, ಆ ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ. ಈ ವಿಮಾನ ತಪ್ಪಿದರೆ ಹೆರಿಗೆಯ ಹೊತ್ತಿಗೆ ಮಗಳ ಪಕ್ಕದಲ್ಲಿ ತಾಯಿ ಇರುವುದಿಲ್ಲ. ಅಷ್ಟೇ ವಿಷಯ. ಚಡಪಡಿಸಲು ಅಷ್ಟು ಸಾಕಲ್ಲ?

ಆಗ ಫೋನಿನಲ್ಲಿ ಕೌಂಟರಿನ ಹುಡುಗಿಯ ದನಿ ಕೇಳಿತು. "ಅಮ್ಮಾ, ಈ ಬ್ಯಾಗು ನಿನ್ನೆಯಿಂದ ನಿಮ್ಮ ಹತ್ರ ಇರಲಿಲ್ವಾ? ಹಾಗಾದ್ರೆ ಎಲ್ಲಿತ್ತು?"

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

(ಇಲ್ಲೊಂದು ನಿಮಿಷ ನಿಲ್ಲಿ. ಹಳೇ ಓದುಗರಿಗೆ ಗೊತ್ತಿರುವುದನ್ನೇ ಹೊಸಬರಿಗಾಗಿ ಹೇಳಬೇಕು.)

ನಾನು ಬೆಂಗಳೂರಿನ ಹಳೇ ಏರ್‌ಪೋರ್ಟಿನಲ್ಲಿ ಚೆಕ್-ಇನ್ ಕೌಂಟರಿನಲ್ಲಿ ಕೂತಿದ್ದವಳು. ಅದು ಪ್ರಯಾಣಿಕರಿಗೆ ಬಾಗಿಲು ಮುಚ್ಚಿದಾಗ ನಾನೂ ವಿ.ಆರ್.ಎಸ್. ತೆಗೆದುಕೊಂಡು ಹಿಂದೂಪುರಕ್ಕೆ ಬಂದೆ. ಆ ಪುರಾಣವನ್ನು ಇಲ್ಲಿ ಹಲವು ಸಲ ಕೊರೆದಿದ್ದೇನೆ. ಕ್ಷಮಿಸಿ, ಇವತ್ತೂ ಕೊರೆಯುತ್ತೇನೆ.

ಏನು ದಿನಗಳು ರೀ ಅವು! ಕಂಪ್ಯೂಟರು ಬರುವ ಮುಂಚೆ ಸೀಟು ಅಂದರೆ ಸ್ಟಿಕ್ಕರು. ವಿಮಾನದ ನಕ್ಷೆಯಿರುವ ಒಂದು ಹಾಳೆ, ಅದರಲ್ಲಿ ಸೀಟಿಗೊಂದು ಅಂಟುಚೀಟಿ. ಕಿತ್ತು ಬೋರ್ಡಿಂಗ್ ಕಾರ್ಡಿಗೆ ಅಂಟಿಸಿ ಕೊಟ್ಟರೆ ಆಯಿತು. ಕಿಟಕಿ ಸೀಟು ಕೇಳಿದವರಿಗೆ ಮುಖ ನೋಡಿ ಮಣೆ ಹಾಕುತ್ತಿದ್ದೆವು. ತಲೆಯ ಮೇಲೆ ಹೊರಡುವ ವಿಮಾನಗಳ ಬೋರ್ಡು ಟಕಟಕ ಟಕಟಕ ಅಂತ ಪಟ್ಟಿಗಳನ್ನು ಮಗುಚುತ್ತಿತ್ತು. ಆ ಸದ್ದು ಶುರುವಾದರೆ ಅಲ್ಲಿದ್ದವರೆಲ್ಲ ಕತ್ತೆತ್ತುತ್ತಿದ್ದರು. ಈಗಿನ ಟಿವಿ ಪರದೆ ಸದ್ದಿಲ್ಲದೆ ಬದಲಾಗುತ್ತದೆ. ನಿಮ್ಮ ವಿಮಾನ ತಡವಾದರೂ ಅದಕ್ಕೆ ಒಂದಿಷ್ಟೂ ಸಂಕೋಚವಿಲ್ಲ.

ಒಂದೊಂದು ವಿಮಾನಕ್ಕೆ ಒಂದೊಂದು ಸ್ವಭಾವ. ಆವ್ರೋ ಅಂತ ಎರಡು ಫ್ಯಾನಿನ ಸಣ್ಣ ವಿಮಾನವಿತ್ತು. ಅದರಲ್ಲಿ ಹಿಂದುಮುಂದಿನ ತೂಕ ಸರಿಹೊಂದದಿದ್ದರೆ ದಪ್ಪಗಿದ್ದವರನ್ನು ಮರ್ಯಾದೆಯಿಂದ ಬೇರೆ ಸಾಲಿಗೆ ಕಳಿಸಬೇಕು. (ಮರ್ಯಾದೆಯಿಂದ ಹೇಗೆ? ಅದಕ್ಕೇ ನಮಗೆ ಸಂಬಳ.) ಹಳೇ ಬೋಯಿಂಗು ಕಪ್ಪು ಹೊಗೆ ಬಿಟ್ಟುಕೊಂಡು ಮೇಲೇಳುವಾಗ ಕ್ಯಾಂಟೀನಿನ ಟೀ ಲೋಟ ನಡುಗುತ್ತಿತ್ತು. ಎಲ್ಲೋ ಇಳಿಯಬೇಕಿದ್ದ ಜಂಬೋ ಒಮ್ಮೆ ಹವೆ ಕೆಟ್ಟು ನಮ್ಮಲ್ಲಿಗೆ ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ನೋಡಿದ್ದೆವು. ಮಹಡಿ ಮನೆಗೆ ರೆಕ್ಕೆ ಬಂದ ಹಾಗಿತ್ತು! ವಿಮಾನ ಹತ್ತಿದವರಿಗೆ ಗಗನಸಖಿ ತಟ್ಟೆಯಲ್ಲಿ ಪೆಪ್ಪರಮೆಂಟು, ಕಿವಿಗೆ ಹತ್ತಿ ತಂದು ಹಿಡಿಯುತ್ತಿದ್ದಳು. ಒಂದೇ ಪೆಪ್ಪರಮೆಂಟು ತೆಗೆದುಕೊಂಡವರನ್ನು ನಾನಂತೂ ಕಾಣೆ.

ಮತ್ತೆ ಆ ಗ್ಯಾಲರಿ! ಟಿಕೆಟ್ ತೆಗೆದುಕೊಂಡರೆ ಯಾರು ಬೇಕಾದರೂ ಹತ್ತಿ ನಿಂತು ವಿಮಾನ ನೋಡಬಹುದಿತ್ತು. ನಮ್ಮ ಕಡೆಯಿಂದ ಒಬ್ಬನನ್ನು ಕಳಿಸಲು ಒಂದು ಜೀಪಿನ ತುಂಬಾ ಜನ ಬರುತ್ತಿದ್ದರು. ಕಂಬಿ ಹಿಡಿದು ನಿಂತು, ವಿಮಾನ ಕಣ್ಮರೆಯಾಗುವ ತನಕ ಟವೆಲು ಬೀಸುತ್ತಿದ್ದರು. ಒಳಗೆ ಕೂತವನಿಗೆ ಅದು ಕಾಣುತ್ತಿತ್ತಾ? ಕಂಡೇ ಕಾಣುತ್ತದೆ ಅಂತ ಬೀಸುವವರ ನಂಬಿಕೆ.

ಈಗ ಹಿಂದೂಪುರದ ನಮ್ಮ ಮನೆಯ ಮೇಲೆ ಹೊಸ ಏರ್‌ಪೋರ್ಟಿನ ವಿಮಾನಗಳು ಹೋಗುತ್ತವೆ. ಸದ್ದು ಕೇಳಿದರೆ ಒಲೆಯ ಮೇಲೆ ಹಾಲಿದ್ದರೂ ಮಹಡಿಗೆ ಓಡುತ್ತೇನೆ. ನಮ್ಮ ಯಜಮಾನರು ಉಕ್ಕಿದ ಹಾಲು ಒರೆಸುವುದರಲ್ಲಿ ಪಳಗಿದ್ದಾರೆ. ನಿವೃತ್ತಿ ಅಂದರೆ ಆರಾಮ ಅಂತ ಹೇಳಿದವರು ಯಾರು? ಎಲ್ಲೋ ಯಾವುದೋ ಕೌಂಟರು ಮುಚ್ಚುತ್ತಿದೆ, ನಾನು ಅಲ್ಲಿರಬೇಕಿತ್ತು ಅಂತ ನನಗೆ ದಿನವಿಡೀ ಚಡಪಡಿಕೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ.

ಹೀಗಿರುವಾಗ ಚಿಕ್ಕಮ್ಮನ ಪ್ರಯಾಣ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಭಾನುವಾರವೇ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋಗಿ ಬ್ಯಾಗು ಬಿಚ್ಚಿಸಿದೆ. ಓಮಕಾಳು, ಒಣಶುಂಠಿ, ಬೆಳ್ಳುಳ್ಳಿ, ಮೆಂತ್ಯದ ಹಿಟ್ಟು, ಹಳೇ ಪಂಚೆ ಹರಿದು ಮಾಡಿದ ಮಗುವಿನ ಬಟ್ಟೆ. ಎಲ್ಲ ಸರಿ. ಒಣಕೊಬ್ಬರಿ ಗಿಟುಕುಗಳಿದ್ದವು. ತೆಗೆದು ಹೊರಗಿಟ್ಟೆ.

"ಕೊಬ್ಬರಿ ಬೇಡ ಚಿಕ್ಕಮ್ಮ. ಎಣ್ಣೆ ಜಾಸ್ತಿ, ಬೆಂಕಿ ಹತ್ಕೊಳ್ಳುತ್ತೆ ಅಂತ ವಿಮಾನದಲ್ಲಿ ಬಿಡಲ್ಲ."

"ಕೊಬ್ರಿ ಇಲ್ದಲೆ ಬಾಣಂತನ ಹೆಂಗ್ ಮಾಡ್ಲೇ? ಅದೇನ್ ಬಾಂಬಾ?"

"ಮಸ್ಕತ್ತಲ್ಲೇ ಸಿಗುತ್ತೆ."

"ಸಿಗ್ತೈತೆ ಬಿಡು. ಅದ್ರಲ್ಲಿ ನಮ್ ಕೊಬ್ರಿ ರುಚಿ ಇರ್ತೈತಾ?"

ಪಕ್ಕದ ಮನೆಯ ರೆಡ್ಡಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಂಗಳವಾರ ಅದೇ ಬೀದಿಯ ಸೀನಪ್ಪ ತನ್ನ ಜೀಪಿನಲ್ಲಿ ಚಿಕ್ಕಮ್ಮನನ್ನು ಕೂರಿಸಿಕೊಂಡು, ಮಡಕಶಿರಾ ಮೇಲೆ ಹಿಂದೂಪುರಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡ. ಗೌರಿಬಿದನೂರು ದಾಟುವ ತನಕ ಚಿಕ್ಕಮ್ಮನಿಗೆ ಪಾಠ ಒಪ್ಪಿಸಿದೆ.

"ಬೇರೆಯವರು ಏನಾದ್ರೂ ಕೊಟ್ಟಿದಾರಾ ಅಂತ ಕೇಳ್ತಾರೆ. ಇಲ್ಲ ಅನ್ಬೇಕು."

"ಕೊಟ್ಟಿದ್ರೆ?"

"ಯಾರೂ ಕೊಟ್ಟಿಲ್ವಲ್ಲ. ನಾನೇ ನೋಡಿದೀನಲ್ಲ."

"ಅಲ್ಲ, ಕೊಟ್ಟಿದ್ರೆ ಅಂತ ಕೇಳ್ದೆ."

"ಕೊಟ್ಟಿದ್ರೂ ಇಲ್ಲ ಅನ್ನು!"

ಚಿಕ್ಕಮ್ಮ ಹೊರಗೆ ನೋಡುತ್ತಾ ಕೂತಳು. "ಮಗಳ ಹೆರಿಗೆಗೆ ಹೋಯ್ತಾ ಸುಳ್ಳು ಹೇಳು ಅಂತೀಯ. ಒಳ್ಳೇದಾಯ್ತೈತೇನೆ?"

ನಾನು ಆ ಮಾತನ್ನು ಭಯ ಅಂದುಕೊಂಡೆ. ಏರ್‌ಪೋರ್ಟಿನ ಬಾಗಿಲಲ್ಲಿ ನನ್ನ ಫೋನಿನಿಂದ ಅವಳ ಫೋನಿಗೆ ಕರೆ ಮಾಡಿ, ಅದನ್ನು ಅವಳ ಕೈಗೆ ಕೊಟ್ಟು, "ಕಟ್ ಮಾಡ್ಬೇಡ, ಕೈಯಲ್ಲೇ ಹಿಡ್ಕೊಂಡಿರು" ಅಂತ ಒಳಗೆ ಕಳಿಸಿದೆ. ಟಿಕೆಟ್ ಇಲ್ಲದ ನಾನು ಹೊರಗೆ.

ಈಗ ಕೌಂಟರಿಗೆ ಬನ್ನಿ. ಬ್ಯಾಗು ಎಲ್ಲಿತ್ತು ಅಂತ ಹುಡುಗಿ ಕೇಳಿದ್ದಾಳೆ. ಚಿಕ್ಕಮ್ಮ ನಿರಾಳವಾಗಿ ಉತ್ತರ ಕೊಡುತ್ತಿದ್ದಾಳೆ.

"ರೆಡ್ಡಮ್ಮೋರ ಮನೇಲಿತ್ತು ಕಣಮ್ಮ. ನೆನ್ನೆ ಸಾಯಂಕಾಲವೇ ಮಡಗಿದ್ದೆ."

"ರೆಡ್ಡಮ್ಮ ಯಾರು?"

"ಪಕ್ಕದ್ಮನೆಯೋರು. ಶಾನೆ ಒಳ್ಳೇರು."

"ಅವರು ಬ್ಯಾಗಲ್ಲಿ ಏನಾದ್ರೂ ಹಾಕಿದಾರಾ?"

"ಹಾಕ್ದಲೇ ಇರ್ತಾರಾ?"

"ಏನು ಹಾಕಿದಾರೆ?"

"ಅದು ನಂಗೊತ್ತಿಲ್ಲ. ಪರಸ್ಥಾನದ ಗಂಟು ದಾರೀಲಿ ಬಿಚ್ಬಾರ್ದು ಕಣಮ್ಮ."

ಪರಸ್ಥಾನ! ನಾನು ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಹೆಣ್ಣುಮಕ್ಕಳು ಮಂಗಳವಾರ ಊರು ಬಿಟ್ಟು ಹೊರಡುವುದಿಲ್ಲ. ಟಿಕೆಟ್ ಮಂಗಳವಾರಕ್ಕೇ ಇದ್ದರೆ? ಅದಕ್ಕೂ ಉಪಾಯವಿದೆ. ಸೋಮವಾರವೇ ಒಳ್ಳೇ ಗಳಿಗೆ ನೋಡಿ ಗಂಟುಮೂಟೆಯನ್ನು ಹೊಸಿಲು ದಾಟಿಸಿ ಪಕ್ಕದ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟಿತು ಅಂದ ಮೇಲೆ ನೀವೂ ಹೊರಟ ಹಾಗೆ. ಮಾರನೆಯ ದಿನ ಕೈಬೀಸಿಕೊಂಡು ಬಂದು ಎತ್ತಿಕೊಂಡರಾಯಿತು. ಚಿಕ್ಕಮ್ಮನ ಬೀದಿಯಲ್ಲಿ ಇದಕ್ಕೆ ಇನ್ನೊಂದು ಬಾಲವಿದೆ. ಗಂಟು ಇಟ್ಟುಕೊಂಡ ಮನೆಯವರು ಅದನ್ನು ಹಾಗೇ ವಾಪಸು ಕೊಡಬಾರದು, ಏನಾದರೊಂದು ಸೇರಿಸಿಯೇ ಕೊಡಬೇಕು.

ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಟಿಕೆಟ್ಟಿನ ಮೇಲೆ ಸಮಯ ನೋಡಿದ ನಾನು ವಾರ ನೋಡಲೇ ಇಲ್ಲ.

"ಇಲ್ಲ ಅನ್ನು ಚಿಕ್ಕಮ್ಮ! ಇಲ್ಲ ಅನ್ನು!" ಅಂತ ಫೋನಿನಲ್ಲಿ ಕೂಗಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಚಿಕ್ಕಮ್ಮ ಫೋನನ್ನು ಟಾರ್ಚಿನ ಹಾಗೆ ಹಿಡಿದಿದ್ದಳು. ಅವಳಿಗೆಲ್ಲಿ ಕೇಳಬೇಕು?

ಹುಡುಗಿ ಸೂಪರ್‌ವೈಸರನ್ನು ಕರೆದಳು. ಬ್ಯಾಗು ಪಕ್ಕಕ್ಕೆ ಹೋಯಿತು. ಅವಳನ್ನು ಬೈಯಲಾರೆ. ಬೇರೆ ಯಾರೋ ಏನೋ ಹಾಕಿದ್ದಾರೆ, ಏನು ಅಂತ ಗೊತ್ತಿಲ್ಲ ಅಂತ ಒಬ್ಬರು ಬಾಯಿಬಿಟ್ಟು ಹೇಳಿದರೆ, ಅವಳ ಕುರ್ಚಿಯಲ್ಲಿದ್ದರೆ ನಾನೂ ತಡೆಯುತ್ತಿದ್ದೆ. ಕೌಂಟರು ಮುಚ್ಚುವ ಹೊತ್ತಾಗುತ್ತಿತ್ತು. ನಾನು ಗಾಜಿನ ಉದ್ದಕ್ಕೂ ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಬದುಕಿನ ಅರ್ಧ ಭಾಗ ಇಂಥದೇ ಕೌಂಟರಿನಲ್ಲಿ ಕಳೆದಿದ್ದರೂ ಒಂದು ಬ್ಯಾಗು ಮುಂದಕ್ಕೆ ತಳ್ಳಲು ನನ್ನ ಕೈಯಲ್ಲಿ ಆಗುತ್ತಿಲ್ಲ. ಅಳು ಬಂತು ಅಂದರೆ ನಗಬೇಡಿ.

ಜೀಪು ನಿಲ್ಲಿಸಿ ಬಂದ ಸೀನಪ್ಪ ಸುತ್ತಮುತ್ತ ನೋಡಿದ. "ಇಮಾನ ಎಲ್ಲಕ್ಕಾ? ಒಂದೂ ಕಾಣಾಕಿಲ್ವಲ್ಲ?"

"ಒಳಗಿವೆ."

"ಮದ್ಲಿನಂಗೆ ಮ್ಯಾಲೆ ನಿಂತ್ಕಂಡು ನೋಡಂಗಿಲ್ವಾ?"

"ಇಲ್ಲಪ್ಪ."

"ಮತ್ತೆ ಹತ್ತುದ್ರೋ ಇಲ್ವೋ ಅಂತ ನಮ್ಗೆ ಹೆಂಗ್ ಗೊತ್ತಾಗ್ಬೇಕು?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯಾ? ಏರ್‌ಪೋರ್ಟಿಗೆ ಬೇರೆ ಯಾರ ಕೈಯೂ ಸೋಕದ ಬ್ಯಾಗು ಬೇಕು. ತಪ್ಪಲ್ಲ, ಕಾಲ ಹಾಗಿದೆ. ಆದರೆ ಕಲ್ಯಾಣದುರ್ಗದಲ್ಲಿ ಯಾರೂ ಏನೂ ಹಾಕದ ಬ್ಯಾಗು ಹಿಡಿದು ಊರು ಬಿಡುವವರು ಯಾರು? ಯಾರೂ ಇಲ್ಲದವರು. ಬಾಣಂತಿಯ ಬ್ಯಾಗನ್ನು ಹಾಗೆ ಕಳಿಸಿದರೆ ಬೀದಿಗೇ ಅವಮಾನ.

ಫೋನಿನಲ್ಲಿ ಜಿಪ್ಪು ಎಳೆದ ಸದ್ದಾಯಿತು.

"ಇದೇಮಿಟಮ್ಮಾ?" ಇದೇನು ಅಂತ ಸೂಪರ್‌ವೈಸರಮ್ಮ ತೆಲುಗಿನಲ್ಲಿ ಕೇಳಿದರು.

ಚಿಕ್ಕಮ್ಮನ ದನಿ ಅರಳಿತು. "ಅಯ್ಯೋ, ಮೀರು ಮನವಾಳ್ಳೇನಾ!" ನಮ್ಮವರೇ ಅಂತ ಗೊತ್ತಾದ ಮೇಲೆ ಕೇಳಬೇಕೇ? ಓಮಕಾಳು ಯಾಕೆ, ಶುಂಠಿ ಯಾಕೆ, ಬಾಣಂತಿಗೆ ಯಾವಾಗ ಏನು ಕೊಡಬೇಕು, ಎಲ್ಲ ಹೇಳಿದಳು. ಸೂಪರ್‌ವೈಸರಮ್ಮ ಅವಸರಪಡಿಸುತ್ತಲೇ ಇದ್ದರು. ಕೊನೆಗೆ ತಳದಿಂದ ಒಂದು ಬಟ್ಟೆಯ ಗಂಟು ಬಂತು.

"ಇದು?"

"ಇದೇ ಇರ್ಬೇಕು ರೆಡ್ಡಮ್ಮೋರದು. ನೀನೇ ಬಿಚ್ಚು ತಾಯಿ. ನಾನು ಬಿಚ್ಬಾರ್ದು."

ನನ್ನ ಕಾಲು ಅಂದು ಮೊದಲ ಸಲ ಒಂದು ಕಡೆ ನಿಂತಿತು.

ಗಂಟಿನಲ್ಲಿದ್ದದ್ದು ಕಾಡಿಗೆ ಡಬ್ಬಿ. ಜೊತೆಗೆ ಎರಡು ಗಿಟುಕು ಕೊಬ್ಬರಿ! ಭಾನುವಾರ ನಾನು ಹೊರಗಿಟ್ಟ ಕೊಬ್ಬರಿಗೆ ರೆಡ್ಡಮ್ಮ ಸೋಮವಾರ ಉತ್ತರ ಕೊಟ್ಟಿದ್ದರು.

"ಕಾಡಿಗೆ ಪರವಾಗಿಲ್ಲಮ್ಮ. ಕೊಬ್ಬರಿ ಬಿಡಲ್ಲ. ಆ ಡಬ್ಬಕ್ಕೆ ಹಾಕ್ಬಿಡಿ."

"ಬಾಣಂತಿ ತಿನ್ನೋದನ್ನ ಕಸಕ್ಕೆ ಹಾಕ್ತಾರೇನಮ್ಮ? ನೀವೇ ತಿನ್ನಿ."

"ನಾವು ತಗೊಳ್ಳೋ ಹಾಗಿಲ್ಲ."

"ಹಂಗಾರೆ ಆಚೆ ನಮ್ ಹುಡ್ಗಿ ನಿಂತವ್ಳೆ ನೋಡು. ಗಾಜಿಗೆ ಮೂಗು ಇಕ್ಕೊಂಡು. ಅವ್ಳಿಗೆ ಕೊಟ್ಬುಡು."

ಸೂಪರ್‌ವೈಸರಮ್ಮ ತಿರುಗಿ ನನ್ನತ್ತ ನೋಡಿದರು. ನರೆತ ತಲೆಯ ಹುಡುಗಿ ನಾನು, ಕೈಯೆತ್ತಿದೆ. ಸ್ವಲ್ಪ ಹೊತ್ತಿಗೆ ಅದೇ ಜವಾನ ಬಾಗಿಲಿಗೆ ಬಂದು, ಗಂಭೀರವಾಗಿ, ಆ ಗಿಟುಕುಗಳನ್ನು ನನ್ನ ಕೈಗಿಟ್ಟ. ಕೆಲಸ ಬಿಟ್ಟ ಮೇಲೆ ಏರ್‌ಪೋರ್ಟಿನಲ್ಲಿ ನನಗಾದ ಏಕೈಕ ಸನ್ಮಾನ ಅದು.

ಬ್ಯಾಗನ್ನು ಇನ್ನೊಮ್ಮೆ ಸ್ಕ್ಯಾನು ಮಾಡಿದರು. ಚೀಟಿ ಕಟ್ಟಿದರು. ಬೆಲ್ಟಿನ ಮೇಲೆ ಅದು ಹೊರಟಿತು. ಕೌಂಟರಿನ ಹುಡುಗಿ ಕಾರ್ಡು ಕೊಟ್ಟು ಬೇಗ ಬೇಗ ಅಂತ ಚಿಕ್ಕಮ್ಮನ ತೋಳು ಹಿಡಿದು ಕರೆದೊಯ್ದಳು. ನಾನು ಉಸ್ಸಪ್ಪಾ ಅಂತ ಉಸಿರುಬಿಟ್ಟೆ.

ವಾಪಸು ಬರುವಾಗ ಸೀನಪ್ಪ ರಸ್ತೆ ಬದಿ ಜೀಪು ನಿಲ್ಲಿಸಿದ. ಮೇಲೆ ಯಾವುದೋ ವಿಮಾನ ಏರುತ್ತಿತ್ತು.

"ಇದೇನಾ ಅಕ್ಕಾ?"

"ಇದೇ" ಅಂದೆ. ಮಸ್ಕತ್ತಿಗೋ ಕೊಲ್ಕತ್ತಕ್ಕೋ ದೇವರಿಗೇ ಗೊತ್ತು. ಅವನು ಹೆಗಲ ಟವೆಲು ತೆಗೆದು ಬೀಸಿದ. ನಾನೂ ಕೈಬೀಸಿದೆ. ಆಮೇಲೇ ಅವನಿಗೆ ಜೀಪು ಓಡಿಸಲು ಮನಸ್ಸು ಬಂತು.

ಚಿಕ್ಕಮ್ಮ ಮಸ್ಕತ್ತು ಮುಟ್ಟಿದ ಮಾರನೇ ದಿನವೇ ಸುಜಾತಳಿಗೆ ನೋವು ಶುರುವಾಯಿತು. ಹೆಣ್ಣುಮಗು. "ತಾಯಿ ಮಗು ಚೆನ್ನಾಗವ್ರೆ ಕಣೆ" ಅಂತ ಚಿಕ್ಕಮ್ಮ ಫೋನಿನಲ್ಲೇ ಅತ್ತಳು. ನಾನೂ ಅತ್ತೆ. ಆಮೇಲೆ ದನಿ ತಗ್ಗಿಸಿದಳು.

"ಕೊಬ್ರಿ ವಿಷ್ಯ ರೆಡ್ಡಮ್ಮೋರ್ಗೆ ಹೇಳ್ಬುಟ್ಟೀಯ. ಪಾಪ, ನೊಂದ್ಕೋತಾರೆ."

"ಅಂದ್ರೆ ಸುಳ್ಳು ಹೇಳ್ಲಾ? ಏರ್‌ಪೋರ್ಟಲ್ಲಿ ನೀನು ಸತ್ಯಹರಿಶ್ಚಂದ್ರನ ಥರ ನಿಂತಿದ್ದೆ!"

"ಅಲ್ಲಿ ಕೇಳ್ದೋರು ಬ್ಯಾಗ್ ವಿಷ್ಯ ಕೇಳುದ್ರು. ರೆಡ್ಡಮ್ಮೋರು ಕೇಳೋದು ಬ್ಯಾಗ್ ವಿಷ್ಯ ಅಲ್ಲ ಕಣೆ."

ಅಷ್ಟು ಹೊತ್ತಿಗೆ ಆ ಕೊಬ್ಬರಿ ನನ್ನ ಅಡುಗೆಮನೆಯಲ್ಲಿ ಚಟ್ನಿಪುಡಿಯಾಗಿ, ಮೂರು ಹೊತ್ತೂ ರೊಟ್ಟಿಯ ಜೊತೆ ಇಳಿದು, ಡಬ್ಬಿ ಖಾಲಿಯಾಗಿತ್ತು. ಮಾರನೇ ಬೆಳಗ್ಗೆ ರೆಡ್ಡಮ್ಮ ಫೋನು ಮಾಡಿಯೇಬಿಟ್ಟರು.

"ಏಮ್ಮಾ, ನಮ್ ಕೊಬ್ರಿ ಹೆಂಗಿತ್ತಂತೆ?"

ಎದ್ದು ನಿಂತೆ. ಕಿಟಕಿಯ ತನಕ ಹೋದೆ, ವಾಪಸು ಬಂದೆ.

"ತುಂಬಾ ಚೆನ್ನಾಗಿತ್ತು ರೆಡ್ಡಮ್ಮ. ಒಂದು ಚೂರೂ ಉಳಿದಿಲ್ಲ."

ಅಕ್ಷರಶಃ ನಿಜ! ಆದರೂ ಕುತ್ತಿಗೆಯೆಲ್ಲ ಬೆವರು. ರೆಡ್ಡಮ್ಮ "ಮಗೀಗೆ ಹಾಲು ಚೆನ್ನಾಗಿ ಆಗ್ತೈತೆ ಬಿಡು" ಅಂತ ಸಂತೋಷದಿಂದ ಫೋನಿಟ್ಟರು.

ಅಷ್ಟು ವರ್ಷ ಕೌಂಟರಿನಲ್ಲಿ ಕೂತು ಊರವರನ್ನೆಲ್ಲ ಪ್ರಶ್ನೆ ಕೇಳಿದವಳಿಗೆ, ಉತ್ತರ ಹೇಳುವುದು ಇಷ್ಟು ಕಷ್ಟ ಅಂತ ಯಾರಾದರೂ ಒಬ್ಬರು ಹೇಳಬಾರದಿತ್ತಾ?