ಕಿಟಕಿಗೆ ಹೊಡೆದ ನಾಲ್ಕು ಮೊಳೆ

"ನೇಕಾರನಾದರೂ ಎಷ್ಟು ಚೆನ್ನಾಗಿ ಬರೆದಿದ್ದಾನಲ್ಲ!" ದೊಡ್ಡಬಳ್ಳಾಪುರದ ಆಂಜಿನಪ್ಪನ ಕಾದಂಬರಿ ಓದಿದ ದೊಡ್ಡ ಮನುಷ್ಯರೆಲ್ಲ ಇದೊಂದೇ ಮಾತು ಹೇಳುತ್ತಿದ್ದರು. ಕೇಳಿದಾಗಲೆಲ್ಲ ಅವನಿಗೆ ಮೈ ಉರಿದುಹೋಗುತ್ತಿತ್ತು. ಉರಿಯದೆ ಏನು ಮಾಡೀತು? ಹನ್ನೆರಡನೇ ವಯಸ್ಸಿಗೆ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟವನು ಅವನು. ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕಿದ್ದೆಲ್ಲ ಊರಿನ ವಾಚನಾಲಯದಲ್ಲಿ, ಅದೂ ನಿಂತುಕೊಂಡು, ಯಾಕೆಂದರೆ ಅವನ ಬಟ್ಟೆ ನೋಡಿದವರು ಯಾರೂ ಕುರ್ಚಿ ಬಿಟ್ಟುಕೊಡುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಕಾಗದ ಕಣ್ಣಿಗೆ ಬೀಳದಿದ್ದಾಗ ನೂಲಿನ ಕಟ್ಟಿಗೆ ಸುತ್ತಿ ಬರುತ್ತಿದ್ದ ಕಾಗದದ ಮೇಲೆಯೇ ಮೂರು ವರ್ಷ ಬರೆದ. ಸಣ್ಣ ಅಚ್ಚುಕೂಟ ಇಟ್ಟುಕೊಂಡಿದ್ದ ಗೆಳೆಯ ನೂರ್ ಅಹಮದ್ ಅದನ್ನು ನಲವತ್ತೈದನೇ ಇಸವಿಯಲ್ಲಿ ಪುಸ್ತಕ ಮಾಡಿಕೊಟ್ಟ.

ಪುಸ್ತಕದಲ್ಲಿದ್ದದ್ದು ಅವನ ತಾಯಿ ಅಮ್ಮಯಮ್ಮನ ಸಾವು. ರೇಷ್ಮೆ ಎಳೆಗೆ ಒಣಗಾಳಿ ಆಗುವುದಿಲ್ಲ, ಪಟಪಟನೆ ಕಿತ್ತುಕೊಳ್ಳುತ್ತದೆ. ಅದಕ್ಕೇ ಮಗ್ಗದ ಮನೆಗಳಲ್ಲಿ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಮುಚ್ಚಿಯೇ ಇಡುತ್ತಾರೆ. ಅಮ್ಮಯಮ್ಮನಿಗೆ ಕ್ಷಯ. ಮಗನ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತವಳು ಉಸಿರು ಕಟ್ಟಿದಾಗ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದುಕೊಳ್ಳುತ್ತಿದ್ದಳು. ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದ ಸಾಹುಕಾರ ವೆಂಕಟರಾಯಪ್ಪ ಆಳು ಕಳಿಸಿ ಆ ಕಿಟಕಿಗೆ ಮೊಳೆ ಹೊಡೆಸಿದ ಅಂತ ಕಾದಂಬರಿಯಲ್ಲಿತ್ತು. ಓದಿದವರು ಅತ್ತರು.

ಆದರೆ ಅದು ಸುಳ್ಳು. ಎಳೆ ಕಿತ್ತ ಸೀರೆಯನ್ನು ಸಾಹುಕಾರ ಎರಡು ಸಲ ಮುಖಕ್ಕೆ ಎಸೆದದ್ದು ನಿಜ. ಮೂರನೇ ಸಲ ಎಳೆ ಕಿತ್ತಾಗ ರೊಚ್ಚಿಗೆದ್ದು ಸುತ್ತಿಗೆ ಹಿಡಿದವನು ಮಾತ್ರ ಆಂಜಿನಪ್ಪನೇ. ನಾಲ್ಕು ಮೊಳೆ ಹೊಡೆದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕಂಡಿಕೆ ಸುತ್ತುತ್ತಲೇ ಇದ್ದಳು. ಮುಂದಿನ ಯುಗಾದಿಗೆ ಅವಳಿರಲಿಲ್ಲ.

ಪುಸ್ತಕದಿಂದ ಹೆಸರು ಬಂದ ಮೇಲೆ ರೇಡಿಯೋದವರು ಕರೆದರು. ಎರಡು ಸಲ ಹೋಗಿ ಮಗ್ಗದ ಹಾಡು ಹೇಳಿ, ಮೆಚ್ಚುಗೆ ಗಳಿಸಿ ಬಂದ. ಆದರೆ ಮೊಳೆಯ ಸುಳ್ಳು ಒಳಗೇ ಕೊರೆಯುತ್ತಿತ್ತು. ಮೂರನೇ ಸಲ ಕರೆದಾಗ ನಿಜ ಹೇಳಿಬಿಡಬೇಕೆಂದು ಭಾಷಣ ಬರೆದುಕೊಂಡು ರೈಲು ಹತ್ತಿದ.

ಅಲ್ಲಿನ ಅಧಿಕಾರಿ ಅದರ ಮೇಲೆಲ್ಲ ಕೆಂಪು ಪೆನ್ಸಿಲ್ ಎಳೆದ. "ಸಾವು, ಸಾಹುಕಾರ, ಇದೆಲ್ಲ ಯಾಕೆ ಆಂಜಿನಪ್ಪನವರೇ? ನೀವು ನೇಕಾರರು, ನೇಕಾರರ ಹಾಗೆ ಮಾತಾಡಿ. ಲಾಳಿ ತಂದಿದ್ದರೆ ಸ್ವಲ್ಪ ಸದ್ದು ಮಾಡಿ, ಜನಕ್ಕೆ ಖುಷಿಯಾಗುತ್ತೆ."

ಕೋತಿ ಆಡಿಸುವವನು ಕೋತಿಗೂ ಇಷ್ಟು ನಯವಾಗಿ ಹೇಳುವುದಿಲ್ಲ! ಆಂಜಿನಪ್ಪ ಹಲ್ಲು ಕಚ್ಚಿಕೊಂಡು ಒಳಗೆ ಹೋದ. ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ ಕೋಣೆ. ಒಂದೂ ಕಿಟಕಿಯಿಲ್ಲ, ಒಂದು ಕಡೆ ತೆರೆಯಲಾಗದ ಗಾಜಿನ ತಡಿಕೆ ಮಾತ್ರ. ಕೆಂಪು ದೀಪ ಹತ್ತಿದ ಕೂಡಲೇ ಕಾಗದವನ್ನು ಮಗುಚಿಟ್ಟು ಮಾತು ಶುರು ಮಾಡಿದ.

"ನಮ್ಮವ್ವ ಗಾಳಿಯಿಲ್ಲದೆ ಸತ್ತಳು. ಕಿಟಕಿಗೆ ನಾಲ್ಕು ಮೊಳೆ ಹೊಡೆದಿತ್ತು. ಹೊಡೆದವನ ಹೆಸರು ಇವತ್ತು ಹೇಳ್ತೀನಿ..."

ದೀಪ ಆರಿತು. ಗಾಜಿನ ಆಚೆ ಅಧಿಕಾರಿ ಕೈ ಬೀಸುತ್ತಿದ್ದ. ಕೇಳುಗರಿಗೆ ಪಿಟೀಲಿನ ಪ್ಲೇಟು ಹಾಕಿದ್ದರು.

ಮಾರನೆಯ ದಿನ ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ನೇಕಾರರು ಹಾರ ಹಿಡಿದು ನಿಂತಿದ್ದರು. ಪಾರ್ಕಿನ ರೇಡಿಯೋ ಮುಂದೆ ಊರಿಗೂರೇ ಕೂತು ಕೇಳಿತ್ತಂತೆ.

"ಸಾಹುಕಾರನ್ ಹೆಸ್ರು ಬಾಯಿಗ್ ಬರೋ ಹೊತ್ಗೆ ಬಾಯ್ ಮುಚ್ಚಿಸ್ಬುಟ್ರಲ್ಲೋ ಕಳ್ಳನನ್ಮಕ್ಳು!" ಅಂತ ಎದುರುಮನೆಯ ಪಿಳ್ಳಪ್ಪ ಹಾರ ಹಾಕಿದ.

ಆಂಜಿನಪ್ಪ ಹಾರ ಕಿತ್ತು ಎಸೆದ. "ಅವನಲ್ಲ ಕಣ್ರೋ! ನಾನು! ನಮ್ಮವ್ವನ್ ಕಿಟಕಿಗೆ ಮೊಳೆ ಹೊಡ್ದೋನು ನಾನು!"

ನೂರ್ ಅಹಮದ್ ಬಂದು ತೋಳು ಹಿಡಿದುಕೊಂಡ. "ಮೆಲ್ಲಗೆ ಗುರು. ಸಾಹುಕಾರನ ಮೇಲೆ ಜನ ಈಗ ತಾನೇ ತಿರುಗಿಬಿದ್ದವ್ರೆ, ಕೆಡಿಸ್ಬೇಡ. ಬುಕ್ಕಲ್ಲಿ ಇರೋದೇ ಇರ್ಲಿ ಬಿಡು."

ಅಲ್ಲಿ ಬಾಯಿ ಮುಚ್ಚಿಸಿದವನು ಆ ಅಧಿಕಾರಿ, ಇಲ್ಲಿ ಜೀವದ ಗೆಳೆಯ! ಆಂಜಿನಪ್ಪ ತೋಳು ಕೊಡವಿಕೊಂಡು, ಸಿಕ್ಕವರಿಗೆಲ್ಲ ಬೈಯುತ್ತ ಮನೆಗೆ ಬಂದ.

ಹೆಂಡತಿ ಅನುಸೂಯಮ್ಮ ಕಿಟಕಿಯ ಕೆಳಗೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಅವನು ರೇಡಿಯೋದವರನ್ನು ಬೈದ, ಸಾಹುಕಾರನನ್ನು ಬೈದ, ನೂರ್ ಅಹಮದನನ್ನು ಬೈದ. ಅವನು ಬೈದು ದಣಿಯುವ ತನಕ ಅವಳು ರಾಟೆ ನಿಲ್ಲಿಸಲಿಲ್ಲ.

"ಬೈಯೋದ್ ಆಯ್ತಾ?" ಅಂದಳು. "ಹೊಡ್ದೋರು ನೀವು ಅಂತ ನಂಗೊತ್ತು. ಅತ್ತೇನೇ ಹೇಳಿದ್ರು."

ಆಂಜಿನಪ್ಪ ಬಾಗಿಲಲ್ಲೇ ನಿಂತುಬಿಟ್ಟ.

"ಬುಕ್ಕಲ್ಲಿ ಬರುದ್ರಿ. ರೇಡಿಯೋಗಂಟ ಹೋದ್ರಿ. ಅತ್ತೆ ಹೋಗಿ ಆರ್ ವರ್ಷ ಆಯ್ತು, ಅವರ್ ಜಾಗ್ದಲ್ಲಿ ನಾನ್ ಕುಂತಿದೀನಿ. ಮೊಳೆ ಅಲ್ಲೇ ಅವೆ, ನೋಡಿ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು.

ಆಂಜಿನಪ್ಪ ಇಕ್ಕಳಕ್ಕಾಗಿ ಮೂಲೆ ಮೂಲೆ ತಡಕಾಡಿದ. ಸುತ್ತಿಗೆ ಸಿಕ್ಕಿತು, ಇಕ್ಕಳ ಆ ಮನೆಯಲ್ಲಿ ಇರಲೇ ಇಲ್ಲ. ಕಿಟಕಿಯ ಮುಂದೆ ನಿಂತು, ತುಕ್ಕು ಹಿಡಿದ ಮೊದಲನೇ ಮೊಳೆಗೆ ಬರಿಯ ಉಗುರು ಹಾಕಿದ.