ಇಳಿಜಾರಿನ ಕೆಳಗೆ ನಿಂತ ಮಿಸ್ತ್ರಿ

ಮೊನ್ನೆ ನಂದೂರಿನ ಹತ್ತಿರ ಲಾರಿಯೊಂದರ ಬ್ರೇಕ್ ಕಾದ ವಾಸನೆ ಬಂತು. ಬಸ್ಸಿನಲ್ಲಿದ್ದ ನಾನು ಮನಸ್ಸಿನಲ್ಲೇ ಬಾಲ್ಯದ ಕಮಲಾಪುರಕ್ಕೆ, ನಮ್ಮ ಹೊಲದ ದಿಬ್ಬಕ್ಕೆ ಹೋಗಿಬಿಟ್ಟೆ.

ಆಗಷ್ಟೇ ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದಿತ್ತು. ಊರೂರು ದೋಚಿದ್ದ ಅವನ ರಜಾಕಾರರ ಭಯ ಅವ್ವನ ಎದೆಯಿಂದ ಇನ್ನೂ ಹೋಗಿರಲಿಲ್ಲ. ಹಳೆಯ ಟ್ರ್ಯಾಕ್ಟರಿನ ಸವೆದ ಬ್ರೇಕ್ ಪಟ್ಟಿ, ಅಂದರೆ ಲೈನರ್, ಬದಲಿಸಲು ಅಪ್ಪ ಪೇಟೆಯ ರೋಜಾ ಮೊಹಲ್ಲಾದಿಂದ ಮಿಸ್ತ್ರಿ ಚಾಚಾರನ್ನು ಕರೆಸಿದಾಗ ಅವಳು ಮುಖ ತಿರುಗಿಸಿದಳು.

ಚಾಚಾ ಇಡೀ ದಿನ ಕೂತು ಹಿತ್ತಾಳೆಯ ರಿವೆಟ್ ಬಡಿದರು. ಸಂಜೆ ಅಪ್ಪನನ್ನು ಟ್ರ್ಯಾಕ್ಟರ್ ಸಮೇತ ದಿಬ್ಬ ಹತ್ತಿಸಿ, ತಾವು ಇಳಿಜಾರಿನ ಕೆಳಗೆ ಎದುರಿಗೇ ನಿಂತರು.

"ಬಾಜೂಕ ಸರೀರಿ ಚಾಚಾ," ಅಪ್ಪ ಕೂಗಿದರು.

"ನಾ ಹಾಕಿದ್ ಬ್ರೇಕ್ ಅದರೀ ಗೌಡ್ರ. ನೀವು ಬರ್ರಿ."

ಟ್ರ್ಯಾಕ್ಟರ್ ಅವರಿಂದ ಒಂದು ಮೊಳ ದೂರದಲ್ಲಿ ನಿಂತಿತು. ಹೊಸ ಲೈನರ್ ಕಾದ ವಾಸನೆ ಎದ್ದಿತು. ಅವ್ವ ಹೊಲದ ಮನೆಯೊಳಗೆ ಹೋಗಿ ಚಾಚಾಗೆ ಚಹಾ ತಂದಳು, ಅಪ್ಪನ ಲೋಟದಲ್ಲಿ.

ಮೊನ್ನೆ ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಚಹಾ ಬೇಕೆನಿಸಿತು.